ಮೆನು ಪೂರ್ತಿ ಓದಿ ಮಸಾಲೆ ದೋಸೆ ಹೇಳೋರು

ಆಟದ ರೈಲಿನ ಹುಚ್ಚು ನಿಮಗಿಲ್ಲ ಅಂತೀರಾ? ಸುಮ್ನಿರಿ, ಮಗನಿಗೆ ಅಂತ ತಂದ ರೈಲನ್ನ ಅವನು ಮಲಗಿದ ಮೇಲೆ ಓಡಿಸ್ತಿದ್ದೋರು ಯಾರು? (ಸೆಲ್ ಖಾಲಿಯಾಗಿದ್ದು ಮಗನಿಂದಲ್ಲ, ಮನೇಲಿ ಎಲ್ರಿಗೂ ಗೊತ್ತು.) ಹತ್ರ ಬನ್ನಿ, ಬ್ರಿಟನ್ನಿನಲ್ಲಿರೋ ನಿಮ್ಮಂಥೋರ ಕಥೆ ಹೇಳ್ತೀನಿ.

ಅಲ್ಲಿ ಇದು ದೊಡ್ಡೋರ ಹುಚ್ಚು. ನಿಜವಾದ ರೈಲಿನ ಒಂದೊಂದು ಅಡಿಗೂ ನಾಲ್ಕು ಮಿಲಿಮೀಟರ್, ಅದು 'ಓಓ' ಸೈಜು. ಹಾರ್ನ್‌ಬಿ, ಬ್ಯಾಕ್‌ಮನ್, ಡಾಪೋಲ್, ಐರ್ಲೆಂಡಿನ ಆಕ್ಯುರಾಸ್ಕೇಲ್ ಅಂತ ಮಾಡೋರು ತುಂಬಾ ಜನ. ಇಷ್ಟು ಪೈಪೋಟಿ ಇದ್ರೆ ಅಂಗಡೀಲಿ ಬಗೆಬಗೆ ಇಂಜಿನ್ ತುಂಬಿರ್ಬೇಕು ತಾನೇ?

ಎಲ್ಲಿ ಸ್ವಾಮಿ! 'ಟೆರಿಯರ್' ಕಥೆ ಕೇಳಿ. 1872ರಿಂದ 1880ರ ತನಕ ಲಂಡನ್-ಬ್ರೈಟನ್ ರೈಲ್ವೆಗೆ ಕಟ್ಟಿದ ಪುಟಾಣಿ ಇಂಜಿನ್. ಕಟ್ಟಿದ್ದೇ ಐವತ್ತು. ಶೆಫೀಲ್ಡಿನ ರೈಲ್ಸ್ ಅಂಗಡಿಯೋರು ಡಾಪೋಲ್ ಜೊತೆ ಸೇರಿ ಅದರ ಹೊಸ ಮಾಡೆಲ್ ತರ್ತೀವಿ ಅಂದ್ರು. 2019ರ ಜನವರಿ ಬಂತು ನೋಡಿ, ಹಾರ್ನ್‌ಬಿಯೋರದ್ದೂ ಅದೇ ಟೆರಿಯರ್! ಅದೇ ವರ್ಷ ಹ್ಯಾಟನ್ಸ್ ಅಂಗಡಿಯೋರು ಹಳೇ ಕಾಲದ ನಾಲ್ಕು-ಆರು ಗಾಲಿಯ ಬೋಗಿ ಘೋಷಿಸಿದ್ರು. 2021ಕ್ಕೆ ಹಾರ್ನ್‌ಬಿ ಪಟ್ಟೀಲೂ ಅಂಥದ್ದೇ ಬೋಗಿ. (ಯಾರು ಯಾರನ್ನ ನೋಡಿ ಬರೆದ್ರೋ, ನಂಗೆ ಯಾಕೆ ಊರ ಉಸಾಬರಿ.)

ಕಂಪನಿಯೋರನ್ನ ಬೈಬೇಡಿ. ಉಕ್ಕಿನ ಅಚ್ಚು ಮಾಡಿಸೋಕೆ ಸಿಕ್ಕಾಪಟ್ಟೆ ದುಡ್ಡು ಬೇಕು, ಅದಕ್ಕೇ ಖಂಡಿತ ಖರ್ಚಾಗೋದನ್ನೇ ಮಾಡ್ತಾರೆ. ಖರ್ಚಾಗೋದು ಯಾವುದು? ನೀವು ತಗೊಳ್ಳೋದು! ಹೋಟೆಲಲ್ಲಿ ಮೆನು ತಲೆಯಿಂದ ಕಾಲಿನ ತನಕ ಓದಿ, "ಹೊಸದೇನೂ ಇಲ್ವಲ್ಲಪ್ಪಾ" ಅಂತ ಗೊಣಗಿ, ಕೊನೆಗೆ "ಒಂದು ಮಸಾಲೆ" ಅನ್ನೋರು ತಾವೇ ಅಲ್ವಾ?

'ಫ್ಲೈಯಿಂಗ್ ಸ್ಕಾಟ್ಸ್‌ಮನ್' ನೋಡಿ. 1923ರ ಇಂಜಿನ್, ಒಂದೇ ಒಂದು. ಆದ್ರೆ ಬಾಳಿನುದ್ದಕ್ಕೂ ಅದಕ್ಕೆ 1472, 4472, 502, 103, 60103 ಅಂತ ಐದು ನಂಬರ್. ಯುದ್ಧಕಾಲದಲ್ಲಿ ಕಪ್ಪು ಬಣ್ಣ, ಆಮೇಲೆ ನೀಲಿ, ಆಮೇಲೆ ಹಸಿರು. ಮಾಡೋರಿಗೆ ಹಬ್ಬ: ಚಿಮಣಿ ಬದಲಾಯ್ಸು, ಬಣ್ಣ ಬದಲಾಯ್ಸು, ಹೊಸ ಡಬ್ಬೀಲಿ ಹಾಕು. ತಗೊಳ್ಳೋರಿಗೂ ಹಬ್ಬ. "ಇದು ಬೇರೆ ಕಣೇ, ನಂಬರ್ ನೋಡು" ಅಂತ ಮನೆಯೋಳಿಗೆ ವಿವರಿಸೋದೊಂದೇ ಕಷ್ಟ.

ಪೈಪೋಟಿಯ ಲಾಭ ಸಿಕ್ಕಿದ್ದು ಬೇರೆ ಕಡೆ. 1970ರ ದಶಕದ ಕೊನೇಲಿ ಏರ್‌ಫಿಕ್ಸ್, ಮೈನ್‌ಲೈನ್ ಕಂಪನಿಗಳು ಬಂದು ನಾಜೂಕು ಕೆಲಸ ತೋರಿಸಿದ್ಮೇಲೆ ಹಾರ್ನ್‌ಬಿಗೂ ಬಿಸಿ ಮುಟ್ತು. ಹಿಂದೆ ಇಂಜಿನ್ ಪಕ್ಕದ ಕೈಹಿಡಿ ಅಂದ್ರೆ ಪ್ಲಾಸ್ಟಿಕ್ ಮೇಲೆ ಎದ್ದ ಒಂದು ಗೆರೆ. ಈಗ ಅಂಗೈ ಮೇಲೆ ಕೂರೋ ಟೆರಿಯರ್‌ಗೂ ಬಿಡಿ ತಂತಿ ಪೋಣಿಸಿರ್ತಾರೆ. (ಬಿಚ್ಚೋವಾಗ ಮುರೀತೀರಿ, ಇರ್ಲಿ.)

ಆದ್ರೆ ದಿನಾ ಆಫೀಸಿಗೆ ಹೊತ್ತೊಯ್ದ ಲೋಕಲ್ ರೈಲಿನ ಮಾಡೆಲ್ ಬೇಕು ಅಂತ ಕೂಗೋರು ಕೂಗ್ತಾನೇ ಇದ್ದಾರೆ. ಈಗೆಲ್ಲ ಮುಂಗಡ ಬುಕಿಂಗ್ ನೋಡ್ಕೊಂಡೇ ಎಷ್ಟು ಮಾಡ್ಬೇಕು ಅಂತ ಲೆಕ್ಕ ಹಾಕೋ ಕಾಲ. ಅದಕ್ಕೇ ಹೇಳ್ತೀನಿ, ಯಾರಾದ್ರೂ ಧೈರ್ಯ ಮಾಡಿ ಲೋಕಲ್ ರೈಲು ತರ್ತೀವಿ ಅಂದ್ರೆ, ಆರನೇ ಸ್ಕಾಟ್ಸ್‌ಮನ್ ಡಬ್ಬಿ ಕೆಳಗಿಟ್ಟು ಮೊದಲು ಅದಕ್ಕೆ ದುಡ್ಡು ಕಟ್ಟಿ.