ಭಾಂಡೆ ಮೇಲಿನ ಹೆಸರು

ಮೊನ್ನೆ ರಾತ್ರಿ ನಮ್ಮ ಬಿಲ್ಲಿಂಗ್ ಪ್ರೋಗ್ರಾಂ ಕುಸಿದುಬಿತ್ತು. ಅಣ್ಣಿಗೇರಿ ಹತ್ತಿರದ ನಮ್ಮ ಹಳ್ಳಿಯ ಪಡಸಾಲೆಯಲ್ಲಿ ಕೂತು ಲಾಗ್ ತೆಗೆದರೆ, ತಪ್ಪೆಲ್ಲ ಗೋದಾಮಿನ ಕ್ಲಾಸಿನದೇ ಅಂತಿದೆ. ಪಾಪ, ಗೋದಾಮಿಗೆ ಏನೂ ಆಗಿರಲಿಲ್ಲ. ಯಾರೋ ಪುಣ್ಯಾತ್ಮ ಅಲ್ಲಿಂದ, ಲಾಗ್ ಬರೆಯುವ ಲಾಗರಿನ ಸಾಲನ್ನು ಎತ್ತಿ ಬಿಲ್ಲಿಂಗಿಗೆ ಅಂಟಿಸಿ, ಕ್ಲಾಸಿನ ಹೆಸರು ಬದಲಿಸದೆ ಊಟಕ್ಕೆ ಎದ್ದುಹೋಗಿದ್ದ.

"ಚಿಕ್ಕವ್ವನ ಹೆಸರಿನ ತಂಬಿಗಿ ಇದ್ದಂಗಾತು ನೋಡು," ಅಂದಳು ಅವ್ವ. ಆ ತಂಬಿಗೆ ನಮ್ಮದೇ. ಆದರೆ ಓಣಿಯಲ್ಲಿ ಯಾರ ಮದುವೆಯಾದರೂ ಮರುದಿನ ಅದು ಹೋಗಿ ಸೇರುವುದು ಚಿಕ್ಕವ್ವನ ಮನೆಗೆ. ಅದಕ್ಕೇ ಅವ್ವ ಈಗ ಪೇಟೆಯ ಭಾಂಡೆ ಅಂಗಡಿಯಲ್ಲಿ ಎದುರಿಗೇ ನಿಂತು ಹೆಸರು ಹಾಕಿಸುತ್ತಾಳೆ. ಅಂಗಡಿಯವ "ಯಾರ ಹೆಸರ್ರೀ?" ಅನ್ನುತ್ತಾನೆ, ಸಣ್ಣ ಮಶೀನಿನ ಸೂಜಿ ಕಿರ್ರೆಂದು ಸ್ಟೀಲಿನ ಮೇಲೆ ಚುಕ್ಕಿ ಚುಕ್ಕಿಯಾಗಿ ಅಕ್ಷರ ಮೂಡಿಸುತ್ತದೆ.

ಜಾವಾದ ಸ್ಪ್ರಿಂಗ್ ಫ್ರೇಮ್‌ವರ್ಕಿನಲ್ಲಿ ನಾವು ಬರೆದುಕೊಳ್ಳುವ ಬೀನ್ ಪೋಸ್ಟ್ ಪ್ರೊಸೆಸರ್ ಮಾಡುವುದೂ ಇದೇ ಕೆಲಸ. ಲಾಗರ್ ಬೇಕಾದ ಕಡೆ ನಾವೇ ಮಾಡಿಕೊಂಡ 'ಅಟ್ ಲಾಗ್' ಎಂಬ ಅನೊಟೇಶನ್ ಹಚ್ಚಿದರೆ ಸಾಕು, ಅದು ಸ್ಪ್ರಿಂಗ್ ಹುಟ್ಟಿಸುವ ಒಂದೊಂದೇ ವಸ್ತುವನ್ನು, ಅಂದರೆ ಬೀನನ್ನು, ತಡವಿ, ಗುರುತು ಕಂಡಲ್ಲಿ ಕ್ಲಾಸಿನ ಹೆಸರು ಕೇಳಿ, ಅದೇ ಹೆಸರಿನ ಲಾಗರ್ ಕೈಗಿಡುತ್ತದೆ. ಜಾವಾಕ್ಕೆ ಅನೊಟೇಶನ್ ಬಂದದ್ದು 2004ರಲ್ಲಿ, ಐದನೇ ಆವೃತ್ತಿಯೊಂದಿಗೆ. ಗುರುತು ಮಾಡುವಾಗ ರಿಟೆನ್ಶನ್ 'ರನ್‌ಟೈಮ್' ಅಂತ ಬರೆಯದಿದ್ದರೆ ಮಾತ್ರ ಕೆಲಸ ಕೆಟ್ಟಿತು: ಸೀಮೆಸುಣ್ಣದಲ್ಲಿ ಬರೆದ ಹೆಸರು, ಮೊದಲ ಸಲ ತಿಕ್ಕಿದಾಗಲೇ ಮಾಯ. ಗುರುತು ಕ್ಲಾಸ್ ಫೈಲಿನಲ್ಲಿ ಇರುತ್ತದೆ, ಪ್ರೋಗ್ರಾಂ ಓಡುವಾಗ ಕಾಣುವುದಿಲ್ಲ.

ಇಷ್ಟೆಲ್ಲ ಯಾಕೆ, ಲೊಂಬೊಕ್ ಎಂಬ ಲೈಬ್ರರಿಯ 'ಎಸ್‌ಎಲ್‌ಎಫ್‌ಫೋರ್‌ಜೆ' ಅನೊಟೇಶನ್ ಹಾಕಿದರೆ ಕಂಪೈಲ್ ಆಗುವಾಗಲೇ ಲಾಗರಿನ ಸಾಲನ್ನು ಸರಿಯಾದ ಹೆಸರಿನೊಂದಿಗೆ ಅದೇ ಬರೆದುಕೊಳ್ಳುತ್ತದಲ್ಲ ಅನ್ನುವವರಿದ್ದಾರೆ. ನಿಜ, ನನ್ನ ಮತವೂ ಅದಕ್ಕೇ. ಆದರೆ ನಮ್ಮ ಟೀಮಿನ ಹಿರಿಯರಿಗೆ ಲೊಂಬೊಕ್ ಅಂದರೆ ಬೇರೆಯವರ ಮನೆಯ ಒಗ್ಗರಣೆ. ವಾಸನೆಗೇ ಮೂಗು ಮುರಿಯುತ್ತಾರೆ.

ಹೀಗಾಗಿ ಸ್ಪ್ರಿಂಗಿನ ದಾರಿಯೇ ಗತಿ. ಅದರದೊಂದು ಗುಣವಿದೆ: ಮೊದಲು ಬೀನನ್ನು ಹುಟ್ಟಿಸುತ್ತದೆ, ಲಾಗರ್ ಕೊಡುವುದು ಆಮೇಲೆ. ಹೊಸ ಹುಡುಗನೊಬ್ಬ ಕನ್‌ಸ್ಟ್ರಕ್ಟರಿನೊಳಗೇ ಲಾಗ್ ಬರೆಯಹೋದ. ಅಲ್ಲಿದ್ದದ್ದು ಬರೀ ನಲ್. ನಲ್ ಪಾಯಿಂಟರ್ ಎಕ್ಸೆಪ್ಶನ್ ಅಂತ ಪರದೆ ತುಂಬ ಕೆಂಪು. ಅವ್ವನಿಗೆ ಬಿಡಿಸಿ ಹೇಳಿದೆ.

"ಕೂಸು ಹುಟ್ಟೂ ಮೊದಲ ಕುಲಾವಿ ಹೊಲಿಸಿದ್ರ ನಮ್ಮನ್ನ ನೋಡಿ ನಗ್ತಿದ್ರಿ," ಅಂದಳು. "ಈಗ ಕೂಸು ಹುಟ್ಟಿ ಕಿರಚಾಕ ಹತ್ತೇತಿ, ಕುಲಾವಿ ಇನ್ನೂ ಅಂಗಡ್ಯಾಗ ಐತಿ."