ಹದಿನೇಳು ಇಂಚಿನ ಮರ್ಯಾದೆ

ಸಾಲ ಮಾಡಿ ಕೊಂಡ ಕಾರಿಗೆ ಮೇಲುಸಾಲ ಮಾಡಿ ಅಲಾಯ್ ವೀಲ್ ಹಾಕಿಸಿದ ಮೇಲೆ, ಅದನ್ನು ನೋಡುವ ಭಾಗ್ಯ ಇಲ್ಲದವನು ಇಡೀ ರಸ್ತೆಯಲ್ಲಿ ಒಬ್ಬನೇ. ಆ ಕಾರು ಓಡಿಸುತ್ತಿರುವವನು. ಪಕ್ಕದ ಆಟೋದವರು ನೋಡುತ್ತಾರೆ. ಬಸ್‌ಸ್ಟಾಪಿನಲ್ಲಿ ನಿಂತವರು ನೋಡುತ್ತಾರೆ. ಅಪಾರ್ಟ್‌ಮೆಂಟಿನ ಸೆಕ್ಯುರಿಟಿ ಗೇಟು ತೆಗೆಯುವ ನೆಪದಲ್ಲಿ ಬಗ್ಗಿ ನೋಡುತ್ತಾನೆ. ಬೀದಿನಾಯಿಯಂತೂ ನೋಡಿ ಸುಮ್ಮನಾಗದೆ, ಕಾಲೆತ್ತಿ ತನ್ನ ಅಭಿಪ್ರಾಯವನ್ನು ಅಲ್ಲೇ ದಾಖಲಿಸಿ ಹೋಗುತ್ತದೆ. ಸ್ಟೀರಿಂಗ್ ಹಿಡಿದ ಮಾಲೀಕನಿಗೆ ಕಾಣುವುದು ಮುಂದಿನ ಕಾರಿನ ಡಿಕ್ಕಿ, ಅದರ ಮೇಲೆ ‘ತಂದೆ ತಾಯಿ ಆಶೀರ್ವಾದ’.

ತಾನು ನೋಡಲಾಗದ್ದನ್ನು ಕೊಳ್ಳುವವನು ನೋಡುವವರ ರುಚಿಗೆ ತಕ್ಕಂತೆ ಕೊಳ್ಳುತ್ತಾನೆ. ಬೆಂಗಳೂರಿನ ಟೌನ್‌ಹಾಲ್‌ಗೂ ಮಿನರ್ವ ಸರ್ಕಲ್‌ಗೂ ನಡುವಿನ ಜೆ.ಸಿ. ರಸ್ತೆಯ ಅಂಗಡಿಗಳಿಗೆ ಈ ತತ್ವ ಚೆನ್ನಾಗಿ ಗೊತ್ತು. ಅಲ್ಲಿ ಚಕ್ರಗಳು ಗೋಡೆಯ ತುಂಬ ತೂಗುತ್ತಿರುತ್ತವೆ, ಮುಖ ರಸ್ತೆಗೆ, ಬೆನ್ನು ಗೋಡೆಗೆ. ಕಪ್ಪು, ಗನ್‌ಮೆಟಲ್, ಚಿನ್ನದ ಬಣ್ಣ, ತುದಿಗೊಂದು ಕೆಂಪು ಗೆರೆ. ಆ ಚಕ್ರದ ಬಗ್ಗೆ ತಿಳಿಯಬೇಕಾದ ಬಹುಪಾಲು ಸಂಗತಿ ಅಚ್ಚಾಗಿರುವುದು ಗೋಡೆಯ ಕಡೆಗಿರುವ ಆ ಬೆನ್ನಿನ ಮೇಲೆ. ಗಿರಾಕಿಯೊಬ್ಬ ಚಕ್ರ ಇಳಿಸಿ, ಬೋರಲು ಹಾಕಿ, ಕನ್ನಡಕ ಏರಿಸಿ ಓದಿದ್ದನ್ನು ನಾನಂತೂ ಕಂಡಿಲ್ಲ. ಹಾಗೆ ಮಾಡಿದರೆ ಅಂಗಡಿಯವರು ಅವನನ್ನು ಜಿಎಸ್‌ಟಿಯವನೆಂದೇ ತಿಳಿದು ಕಾಫಿ ತರಿಸುತ್ತಾರೆ.

“ಇದು ಮೊನ್ನೆ ಬಂದ ಪೀಸು ಸಾರ್. ಡೈಮಂಡ್ ಕಟ್. ಹಾಕಿದ್ರೆ ನಿಮ್ಮದು ಯಾವ ಗಾಡಿ ಅಂತ್ಲೇ ಗೊತ್ತಾಗಲ್ಲ.”

ಎಂಟು ಲಕ್ಷ ಕೊಟ್ಟು ಕೊಂಡ ಗಾಡಿ ಯಾವುದೆಂದೇ ಗೊತ್ತಾಗದಿರುವುದು ಹೊಗಳಿಕೆ ಹೇಗಾಯಿತೋ, ಗಿರಾಕಿ ಮಾತ್ರ ಹಿಗ್ಗುತ್ತಾನೆ. ಆದರೂ ತಾನು ತಿಳಿದವನೆಂದು ತೋರಿಸಬೇಕಲ್ಲ.

“ಕ್ವಾಲಿಟಿ ಹೇಗಪ್ಪ?”

“ಹೆವಿ ಕ್ವಾಲಿಟಿ ಸಾರ್. ಬೇಕಾದ್ರೆ ಎತ್ತಿ ನೋಡಿ, ಎಷ್ಟು ತೂಕ ಇದೆ!”

ಗಿರಾಕಿ ಎತ್ತುತ್ತಾನೆ, ಮುಖ ಕೆಂಪಾಗುತ್ತದೆ, ಸೊಂಟ ಹಿಡಿಯುತ್ತದೆ, ವ್ಯಾಪಾರ ಕುದುರುತ್ತದೆ. ಉಕ್ಕಿನ ಡಿಸ್ಕು ಬಿಟ್ಟು ಅಲ್ಯೂಮಿನಿಯಂಗೆ ಹೋದದ್ದೇ ಹಗುರಾಗಲಿ ಎಂದು. ಚಕ್ರ ಸ್ಪ್ರಿಂಗಿನ ಕೆಳಗಿರುವ ಭಾರ. ಗುಂಡಿಗೆ ಇಳಿದಾಗ, ಹಂಪು ಹತ್ತಿದಾಗ ಅದು ಎಷ್ಟು ಹಗುರವೋ ಅಷ್ಟು ಬೇಗ ರಸ್ತೆಯನ್ನು ಮತ್ತೆ ಹಿಡಿಯುತ್ತದೆ. ಜಪಾನಿನ ರೇಸ್ (Rays) ಎಂಬ ಕಂಪನಿ 1996ರಲ್ಲಿ ಹೊರತಂದ ಟಿಇ37 ಎಂಬ ಆರು ಕಡ್ಡಿಯ ಚಕ್ರದ ಹೆಸರಿನಲ್ಲೇ ಅದರ ತೂಕವಿದೆ. 15 ಇಂಚಿನದ್ದು 3.7 ಕಿಲೋ. ಒತ್ತಿ ಬಡಿದು ಮಾಡಿದ, ಅಂದರೆ ಫೋರ್ಜ್ ಮಾಡಿದ ಚಕ್ರ ಅದು. ಅದೇ ಆರು ಕಡ್ಡಿ, ಅದೇ ಬಣ್ಣದ ನಕಲು ನಮ್ಮಲ್ಲಿ ಬೇಕಾದಷ್ಟು ಸಿಗುತ್ತದೆ. ಕರಗಿಸಿದ ಲೋಹವನ್ನು ಅಚ್ಚಿಗೆ ಸುರಿದು ತಾನಾಗಿ ಆರಲು ಬಿಟ್ಟು ತೆಗೆದದ್ದು. ಒಳಗೆ ಸಣ್ಣಸಣ್ಣ ಗಾಳಿಗುಳ್ಳೆ ಉಳಿಯುತ್ತವೆ, ಗಟ್ಟಿಯಾಗಲೆಂದು ಲೋಹವನ್ನು ದಪ್ಪ ಮಾಡುತ್ತಾರೆ, ಕೊನೆಗೆ ಅದು ಕಂಪನಿ ಕೊಟ್ಟ ಉಕ್ಕಿನ ಡಿಸ್ಕಿಗಿಂತ ಭಾರವಾದರೂ ಆಶ್ಚರ್ಯವಿಲ್ಲ. ಊರಿಗೆ ಹೊರಡುವಾಗ ಬ್ಯಾಗು ತೂಗುವ ಕೊಕ್ಕೆ ತಕ್ಕಡಿ ಎಲ್ಲರ ಮನೆಯಲ್ಲೂ ಇದೆ. ಅದನ್ನು ಅಂಗಡಿಗೆ ಒಯ್ದರೆ ಮರ್ಯಾದೆ ಹೋಗುತ್ತದೆಂದು ಯಾರೂ ಒಯ್ಯುವುದಿಲ್ಲ.

ನಕಲಿನ ಮಾತು ಬಂತು. 1970ರಲ್ಲಿ ಜರ್ಮನಿಯ ಷಿಲ್ಟಾಖ್ ಎಂಬ ಊರಿನಲ್ಲಿ ಹುಟ್ಟಿದ ಬಿಬಿಎಸ್, ಚಕ್ರ ಮಾಡುವವರಲ್ಲಿ ಎಲ್ಲರೂ ತಲೆಬಾಗುವ ಹೆಸರು. ಆ ಕಂಪನಿ ಒಂದಕ್ಕಿಂತ ಹೆಚ್ಚು ಸಲ ದಿವಾಳಿ ಅರ್ಜಿ ಹಾಕಿದೆ. ಅದರ ಬಲೆಬಲೆಯಾದ ವಿನ್ಯಾಸವನ್ನು ನಕಲು ಹೊಡೆದವರು ದಿವಾಳಿಯಾದದ್ದನ್ನು ಮಾತ್ರ ನಾನು ಕೇಳಿಲ್ಲ.

ನಮ್ಮಲ್ಲಿ ಹುಡುಗ ಹುಡುಗಿ ಪರಸ್ಪರ ಒಪ್ಪಿದ ಮೇಲೂ ಜಾತಕ ಕೂಡದಿದ್ದರೆ ಮದುವೆ ನಿಲ್ಲುತ್ತದೆ. ಚಕ್ರಕ್ಕೂ ಬೆನ್ನ ಮೇಲೊಂದು ಜಾತಕವಿದೆ. ಇಲ್ಲಿ ಮಾತ್ರ ಮುಖ ನೋಡಿದ ಕೂಡಲೇ ತಾಳಿ. ಮೊದಲನೆಯದು ಪಿಸಿಡಿ, ನಟ್ಟಿನ ತೂತುಗಳ ನಡುವನ್ನು ಹಾಯುವ ವೃತ್ತದ ವ್ಯಾಸ. ಸ್ವಿಫ್ಟ್‌ಗೆ 4×100, ಅಂದರೆ ನಾಲ್ಕು ತೂತು, 100 ಮಿಲಿಮೀಟರ್. ಕ್ರೆಟಾಗೆ 5×114.3. ಆಕ್ಟೇವಿಯಾಗೆ 5×112. ಆಕ್ಟೇವಿಯಾಗೆಂದು ಬಂದ ಚಕ್ರದ ಮೇಲೆ ಕ್ರೆಟಾದವನ ಮನಸ್ಸು ಬಿತ್ತೆನ್ನಿ. ಅಂಗಡಿಯವನು ನಿರಾಸೆ ಮಾಡುವವನಲ್ಲ. “ಎರಡು ಎಂಎಂ ತಾನೆ ಸಾರ್, ಗನ್ನಲ್ಲಿ ಹೊಡೆದ್ರೆ ತಾನಾಗೇ ಕೂರುತ್ತೆ.” ಕೂರುವುದು ನಿಜ. ನಟ್ಟು ತನ್ನ ಗೂಡಿನಲ್ಲಿ ನೆಟ್ಟಗೆ ಕೂರದೆ ಒಂದು ಮಗ್ಗುಲಿಗೆ ಒರಗಿ ಕೂರುತ್ತದೆ, ಸ್ಟಡ್ಡು ಹಗಲೂ ರಾತ್ರಿ ಬಾಗಿಕೊಂಡೇ ಭಾರ ಹೊರುತ್ತದೆ. ಕೂತದ್ದು ಎದ್ದು ಹೊರಡುವ ಮುಹೂರ್ತವನ್ನು ಮಾತ್ರ ಅಂಗಡಿಯಲ್ಲಿ ಹೇಳಿ ಕಳಿಸುವುದಿಲ್ಲ.

ಎರಡು ಅಳತೆಗೆ ಒಂದೇ ಚಕ್ರ ಮಾರಲೆಂದು ಎಂಟು ತೂತು ಕೊರೆದದ್ದೂ ಉಂಟು. ನಿಮ್ಮ ಗಾಡಿಗೆ ಬೇಕಾದದ್ದು ನಾಲ್ಕು. ಉಳಿದ ನಾಲ್ಕು ಯಾತಕ್ಕಪ್ಪ ಎಂದರೆ, “ಎಕ್ಸ್‌ಟ್ರಾ ಸಾರ್.” ಫ್ರೀಯಾಗಿ ಸಿಕ್ಕ ತೂತನ್ನು ಬೇಡವೆನ್ನುವಷ್ಟು ಶ್ರೀಮಂತರಲ್ಲ ನಾವು.

ಆಮೇಲೆ ನಡುತೂತು, ಸೆಂಟರ್ ಬೋರ್. ಸ್ವಿಫ್ಟ್‌ನ ಹಬ್ಬು 54.1 ಮಿಲಿಮೀಟರ್. ಯಾವ ಗಾಡಿಗಾದರೂ ಆಗಲಿ ಎಂದು ಮಾಡಿದ ಚಕ್ರಗಳ ನಡುತೂತು ಅದಕ್ಕಿಂತ ದೊಡ್ಡದು, 73.1 ಇರುವುದೂ ಸಾಮಾನ್ಯ. ನಡುವೆ ಉಳಿಯುವ ಜಾಗಕ್ಕೊಂದು ರಿಂಗ್ ಹಾಕಬೇಕು. ಬೆಲೆ ಹೆಚ್ಚಿಲ್ಲ, ಆದ್ದರಿಂದಲೇ ಯಾರಿಗೂ ಅದರ ನೆನಪಿಲ್ಲ. ಎಂಬತ್ತು ದಾಟುತ್ತಿದ್ದಂತೆ ಸ್ಟೀರಿಂಗ್ ನಡುಗಲು ಶುರುವಾದರೆ ಮಾಲೀಕ ಬ್ಯಾಲೆನ್ಸಿಂಗ್ ಮಾಡಿಸುತ್ತಾನೆ, ಅಲೈನ್‌ಮೆಂಟ್ ಮಾಡಿಸುತ್ತಾನೆ, ಟೈರು ಬದಲಿಸುತ್ತಾನೆ, ಕೊನೆಗೆ ನಿಂಬೆಹಣ್ಣು ಇಳಿ ತೆಗೆಸುತ್ತಾನೆ. ಆಫ್‌ಸೆಟ್ ಎಂಬುದು ಇನ್ನೊಂದು. ಚಕ್ರ ಎಷ್ಟು ಒಳಗೆ, ಎಷ್ಟು ಹೊರಗೆ ಕೂರಬೇಕೆಂಬ ಲೆಕ್ಕ ಅದು. ಇಟಿ 40 ಎಂದಿರಬೇಕಾದ ಕಡೆ ಇಟಿ 20 ಹಾಕಿದರೆ ಚಕ್ರ ಎರಡು ಸೆಂಟಿಮೀಟರ್ ಹೊರಗೆ ಚಾಚುತ್ತದೆ. ಅದಕ್ಕೆ ‘ಲುಕ್’ ಎನ್ನುತ್ತಾರೆ. ಮಳೆಗಾಲದಲ್ಲಿ ರಸ್ತೆಯ ಕೆಸರೆಲ್ಲ ಬಾಗಿಲಿಗೆ ಎರಚುತ್ತದೆ, ಹಿಂದಿನ ಸೀಟಿನಲ್ಲಿ ಮಾವ, ಅತ್ತೆ, ಚಿಕ್ಕಮ್ಮ ಕೂತು ಹಂಪು ಹತ್ತಿದಾಗ ಟೈರು ಫೆಂಡರಿಗೆ ಉಜ್ಜುತ್ತದೆ, ಬೇರಿಂಗಿಗೆ ಬೇಗ ವಯಸ್ಸಾಗುತ್ತದೆ. ಇದಕ್ಕೂ ‘ಲುಕ್’ ಎನ್ನುತ್ತಾರೋ ಗೊತ್ತಿಲ್ಲ.

ಇನ್ನು ಇಂಚಿನ ಹುಚ್ಚು. 15 ಇದ್ದದ್ದು 17 ಆಗಲೇಬೇಕು, ಯಾಕೆಂದರೆ ಎದುರುಮನೆಯವರದ್ದು 16. ಸ್ವಿಫ್ಟ್‌ನ 185/65 ಆರ್15 ಟೈರಿನ ಪಕ್ಕೆಗೋಡೆ ಸುಮಾರು 120 ಮಿಲಿಮೀಟರ್ ಎತ್ತರ. ಒಟ್ಟು ವ್ಯಾಸ ಕೆಡದಂತೆ 17 ಇಂಚಿಗೆ ಹೋಗಲು 205/45 ಟೈರು ಹಾಕುತ್ತಾರೆ. ಅದರ ಪಕ್ಕೆಗೋಡೆ 92. ಅಂದರೆ ಗುಂಡಿಗೂ ರಿಮ್ಮಿಗೂ ನಡುವೆ ನಿಂತು ಏಟು ತಿನ್ನುತ್ತಿದ್ದ ರಬ್ಬರಿನಲ್ಲಿ 28 ಮಿಲಿಮೀಟರನ್ನು ನಾವು ಕೈಯಾರೆ ದುಡ್ಡು ಕೊಟ್ಟು ತೆಗೆಸಿದ್ದೇವೆ. ತೆಗೆಸಿದ್ದು ಎಲ್ಲಿ ಓಡಿಸಲು? ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿಯ ಹಂಪು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ. ನಮ್ಮ ಬಡಾವಣೆಯ ಹಂಪುಗಳಲ್ಲಿ ಎತ್ತರವನ್ನು ಧಾರಾಳವಾಗಿ ಕೊಟ್ಟು ಅಗಲದಲ್ಲಿ ಉಳಿತಾಯ ಮಾಡಿರುತ್ತಾರೆ. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳು ಬಂದವು. ನಗರ ಐದಾಯಿತು, ಗುಂಡಿಗಳು ಮಾತ್ರ ಯಾವ ಗಡಿಗೂ ಜಗ್ಗದೆ ಅಖಂಡವಾಗಿಯೇ ಉಳಿದಿವೆ.

ಹಾಗೆಂದು ಗಟ್ಟಿ ಚಕ್ರವೇ ಇಲ್ಲವೆಂದಲ್ಲ. ಅದನ್ನು ಪರೀಕ್ಷಿಸುವ ಕ್ರಮವೂ ಇದೆ, ನೋಡಿದರೆ ನಮ್ಮ ಬೀದಿಯನ್ನು ಕಂಡವರೇ ಬರೆದಂತಿದೆ. ಟೈರು ಹಾಕಿದ ಚಕ್ರವನ್ನು 13 ಡಿಗ್ರಿ ವಾಲಿಸಿ ಕೂರಿಸುತ್ತಾರೆ. ಅದು ಹೊರಬೇಕಾದ ಗರಿಷ್ಠ ಭಾರದ 0.6 ಪಾಲಿಗೆ 180 ಕಿಲೋ ಸೇರಿಸಿ, ಅಷ್ಟು ತೂಕದ ಗುಂಡನ್ನು 230 ಮಿಲಿಮೀಟರ್ ಎತ್ತರದಿಂದ ರಿಮ್ಮಿನ ಅಂಚಿಗೆ ಬೀಳಿಸುತ್ತಾರೆ. 500 ಕಿಲೋ ಹೊರುವ ಚಕ್ರವಾದರೆ ಬೀಳುವುದು 480 ಕಿಲೋ. ಆರಪಾರ ಬಿರುಕು ಬಿಡಬಾರದು, ಒಂದು ನಿಮಿಷದೊಳಗೆ ಗಾಳಿಯೆಲ್ಲ ಹೋಗಬಾರದು. ಇಷ್ಟಾದರೆ ಪಾಸು. ಇದಲ್ಲದೆ ಲಕ್ಷಗಟ್ಟಲೆ ಸುತ್ತು ತಿರುಗಿಸಿ, ಬಾಗಿಸಿ ದಣಿಸುವ ಪರೀಕ್ಷೆಗಳು ಬೇರೆ.

ಪಾಸಾಯಿತೆಂದು ತಿಳಿಯುವುದು ಮತ್ತೆ ಆ ಬೆನ್ನಿನಿಂದಲೇ. ಜೆಡಬ್ಲ್ಯೂಎಲ್ ಎಂದಿದ್ದರೆ ಜಪಾನಿನ ಮಾನದಂಡಕ್ಕೆ ಒಪ್ಪುತ್ತದೆಂದು ತಯಾರಕ ತಾನೇ ಹೇಳಿಕೊಂಡದ್ದು. ಪಕ್ಕದಲ್ಲಿ ವಿಐಎ ಇದ್ದರೆ ಹೊರಗಿನವರು ಪರೀಕ್ಷಿಸಿ ಹೌದೆಂದದ್ದು. ಕಳ್ಳನಿಗೆ ಎರಡೂ ಒಂದೇ. ಅಚ್ಚಿನಲ್ಲಿ ಆರು ಅಕ್ಷರ ಕೊರೆಯಲು ಏನು ಖರ್ಚು? ಅದಕ್ಕೇ ನಮ್ಮ ಸರ್ಕಾರ 2020ರಲ್ಲಿ ವಾಹನಗಳ ರಿಮ್ಮಿಗೆ ಗುಣಮಟ್ಟ ನಿಯಂತ್ರಣ ಆದೇಶ ಹೊರಡಿಸಿ ಐಎಸ್‌ಐ ಗುರುತಿನ ಕಟ್ಟುಪಾಡು ತಂದಿತು. ಗುರುತಿನ ಜೊತೆಗೆ ಸಿಎಂ/ಎಲ್ ಎಂದು ಶುರುವಾಗುವ ಲೈಸೆನ್ಸ್ ನಂಬರು ಇರುತ್ತದೆ, ಅದನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ಯಾರ ಕಾರ್ಖಾನೆಯದೆಂದು ಗೊತ್ತಾಗುತ್ತದೆ. ಮೂಗುತಿಗೆ ಹಾಲ್‌ಮಾರ್ಕ್ ಇದೆಯೇ ಎಂದು ಭೂತಗನ್ನಡಿ ಕೇಳುವವರು ನಾವು. ಮೂಗುತಿ ಸಮೇತ ಇಡೀ ಸಂಸಾರವನ್ನು ನೂರರ ವೇಗದಲ್ಲಿ ಹೊತ್ತು ಓಡುವ ಚಕ್ರಕ್ಕೆ ಅಂಗಡಿ ಹುಡುಗನ ಆಣೆಯೇ ಸಾಕು. ಕಾರಿನ ಅತಿ ಭಾರದ ಆಕ್ಸಲ್ಲಿನ ಮಿತಿಯನ್ನು ಎರಡರಿಂದ ಭಾಗಿಸಿ, ಅಷ್ಟಾದರೂ ಲೋಡ್ ರೇಟಿಂಗ್ ಚಕ್ರದ ಮೇಲಿದೆಯೇ ನೋಡುವುದಕ್ಕೆ ನಾಲ್ಕನೇ ಕ್ಲಾಸಿನ ಗಣಿತ ಬೇಕು. ಇಎಂಐ ಲೆಕ್ಕ ಹಾಕುವಾಗ ಅದಕ್ಕಿಂತ ಕಷ್ಟದ ಗಣಿತವನ್ನು ಬಾಯಲ್ಲೇ ಮಾಡಿ ಮುಗಿಸಿರುತ್ತೇವೆ.

ಹಾಕುವ ಶಾಸ್ತ್ರವೂ ನೋಡಬೇಕಾದ್ದೇ. ನಟ್ಟನ್ನು ನಕ್ಷತ್ರದ ಕ್ರಮದಲ್ಲಿ, ಎದುರುಬದುರಾಗಿ, ಕಂಪನಿ ಹೇಳಿದಷ್ಟೇ ಬಿಗಿಗೆ ಟಾರ್ಕ್ ರೆಂಚಿನಲ್ಲಿ ತಿರುಗಿಸಬೇಕು, ಮೊದಲ 100 ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ನೋಡಬೇಕು. ಟಾರ್ಕ್ ರೆಂಚು ಅಂಗಡಿಯಲ್ಲಿ ಇರುತ್ತದೆ. ಗಾಜಿನ ಕಪಾಟಿನಲ್ಲಿ, ಗಣೇಶನ ಪಕ್ಕ. ಕೆಲಸವೆಲ್ಲ ಗಾಳಿ ಗನ್ನಿನದು, ‘ಟರ್ರ್ರ್’ ಎಂಬ ಸದ್ದಿನಲ್ಲೇ ಗಿರಾಕಿಗೆ ಸಮಾಧಾನ. ಬಾಗಿದ ರಿಮ್ಮಿನ ಬೆಂಡ್ ತೆಗೆಯುವ ಅಂಗಡಿಯಲ್ಲಿ ಗ್ಯಾಸ್ ಬೆಂಕಿ ಹಿಡಿದು ಕಾಯಿಸಿ ಜಾಕಿನಲ್ಲಿ ಒತ್ತುತ್ತಾರೆ. ಕಾರ್ಖಾನೆಯಲ್ಲಿ ಲೆಕ್ಕದ ಶಾಖ ಕೊಟ್ಟು ತರಿಸಿದ ಗಡಸುತನ ಆ ಬೆಂಕಿಯಲ್ಲಿ ಇಳಿದುಹೋಗುತ್ತದೆ. ರಿಮ್ಮು ದುಂಡಗಾಗುತ್ತದೆ, ಮೇಲೊಂದು ಕೋಟ್ ಪೇಂಟು, ಮುನ್ನೂರು ಐನೂರಕ್ಕೆ ಕೆಲಸ ಮುಗಿಯಿತು.

ಕಾನೂನು ಏನನ್ನುತ್ತದೆ? 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ತಯಾರಕ ನಮೂದಿಸಿದ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಡಿಸಕೂಡದು ಎನ್ನುತ್ತದೆ. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಬಿಗಿಯಾಗಿ ಹೇಳಿತು. ಅದೇ ಕಾರಿನ ಮೇಲಿನ ವೇರಿಯಂಟಿಗೆ ಕಂಪನಿಯೇ ಕೊಡುವ ಅಳತೆಯೊಳಗೆ ಉಳಿದರೆ ತಂಟೆ ಕಡಿಮೆ. ಅಂಗಡಿಯಲ್ಲಿ ಈ ಪುರಾಣ ತೆಗೆದರೆ ಉತ್ತರ ಸಿದ್ಧವಿದೆ: “ಅದೆಲ್ಲಾ ಸೈಲೆನ್ಸರ್‌ಗೆ ಸಾರ್.” ಇನ್ಶೂರೆನ್ಸಿನವರಿಗೆ ಮೊದಲೇ ತಿಳಿಸಿ ಪಾಲಿಸಿಯಲ್ಲಿ ಬರೆಸಬೇಕೆಂಬುದು ಯಾರ ತಲೆಗೂ ಬರುವುದಿಲ್ಲ. ಗಾಡಿ ಡಿವೈಡರ್ ಹತ್ತಿ ನಿಂತ ದಿನ ಸರ್ವೇಯರ್ ಬರುತ್ತಾನೆ. ಅಂಗಡಿಯವನು ಓದದ್ದನ್ನು, ಮಾಲೀಕ ಓದದ್ದನ್ನು, ಆ ಪುಣ್ಯಾತ್ಮ ಟಾರ್ಚ್ ಬಿಟ್ಟು, ಬಗ್ಗಿ, ಒಂದಕ್ಷರ ಬಿಡದೆ ಓದಿ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳುತ್ತಾನೆ.

ಇಷ್ಟೆಲ್ಲ ಆಗಿ, ಚಕ್ರ ಕಳುವಾಗದಿರಲೆಂದು ಒಂದೊಂದಕ್ಕೂ ಒಂದು ಲಾಕ್ ನಟ್ಟು ಹಾಕಿಸುತ್ತಾರೆ. ವಿಶೇಷ ಕೀ ಇಲ್ಲದೆ ಅದು ಬಿಚ್ಚುವುದಿಲ್ಲ. ಕೀ ಭದ್ರವಾಗಿ ಮನೆಯ ಗಾಡ್ರೇಜ್ ಬೀರುವಿನಲ್ಲಿ, ಒಡವೆಯ ಪಕ್ಕದಲ್ಲಿರುತ್ತದೆ. ಕುಣಿಗಲ್ ದಾಟಿದ ಮೇಲೆ, ಯಡಿಯೂರು ಇನ್ನೂ ದೂರವಿರುವಾಗ ಟೈರು ಕೂರುತ್ತದೆ. ಡಿಕ್ಕಿಯಲ್ಲಿ ಕಂಪನಿ ಕೊಟ್ಟ ಉಕ್ಕಿನ ಸ್ಟೆಪ್ನಿ ಇದೆ, ಜಾಕ್ ಇದೆ, ಸ್ಪ್ಯಾನರ್ ಇದೆ. ಪಂಕ್ಚರ್ ಅಂಗಡಿಯಾತ ಕುಕ್ಕರಗಾಲಲ್ಲಿ ಕೂತು ನಾಲ್ಕನೇ ನಟ್ಟನ್ನು ಸ್ವಲ್ಪ ಹೊತ್ತು ನೋಡುತ್ತಾನೆ.

“ಇದರ ಕೀ ಕೊಡಿ ಅಣ್ಣ.”

“ಮನೇಲಿದೆ. ಹಂಗೇ ಬಿಚ್ಚಕ್ಕಾಗಲ್ವಾ?”

“ಆಗುತ್ತೆ. ಬಿಚ್ಚೋರು ಇದಾರೆ. ಅವರು ರಾತ್ರಿ ಹೊತ್ತು ಬರ್ತಾರೆ.”