ಸ್ಟೆಪ್ನಿ ಮಾವ

ಹಳೇ ಎಸ್‌ಯುವಿ ಕೊಳ್ಳುತ್ತೇನೆಂದು ಯಾರಾದರೂ ಬಾಯಿಬಿಟ್ಟರೆ ಊರೆಲ್ಲ ಸಲಹೆ ಕೊಡುತ್ತದೆ. ಸಲಹೆಗಳ ಭಾರಕ್ಕೆ ಆಸಾಮಿ ಸುಸ್ತಾದ ಮೇಲೆ ಯಾರೋ ಒಬ್ಬರು ಅವನನ್ನು ಸ್ಟೆಪ್ನಿ ಮಾವನ ಮನೆಗೆ ಕರೆತರುತ್ತಾರೆ.

ಇಂಥ ಮಾವ ಎಲ್ಲ ಊರಲ್ಲೂ ಇದ್ದಾರೆ. ತುಮಕೂರಿನ ನಮ್ಮ ಬಡಾವಣೆಯ ಮಾವ ಖಜಾನೆ ಇಲಾಖೆಯಿಂದ ನಿವೃತ್ತರಾದವರು. ಇಡೀ ಸರ್ವೀಸಿನಲ್ಲಿ ಅವರು ಮಾಡಿದ್ದು ಒಂದೇ ಕೆಲಸ: ಬೇರೆ ಇಲಾಖೆಗಳವರು ತಂದ ಬಿಲ್ಲಿಗೆ ಆಕ್ಷೇಪಣೆ ಬರೆದು ವಾಪಸ್ ಕಳಿಸುವುದು. ವೋಚರಿಗೆ ಸಹಿ ಇಲ್ಲ, ಲೆಕ್ಕ ಶೀರ್ಷಿಕೆ ತಪ್ಪಾಗಿದೆ, ಮೊತ್ತ ಅಂಕಿಯಲ್ಲಿ ಒಂದು ಅಕ್ಷರದಲ್ಲಿ ಇನ್ನೊಂದು. ನಿವೃತ್ತಿಯಾದ ಮರುದಿನದಿಂದ ಬಿಲ್ಲು ಬರುವುದು ನಿಂತಿತು. ಮನೆಯಲ್ಲಿ ಹಾಲಿನವನ ಲೆಕ್ಕ, ಪೇಪರಿನವನ ಲೆಕ್ಕ ಎಷ್ಟು ದಿನ ತಿದ್ದಲಾಗುತ್ತದೆ? ಅಷ್ಟರಲ್ಲಿ ನೆಂಟರೊಬ್ಬರು ಹಳೇ ಕ್ವಾಲಿಸ್ ನೋಡಲು ಜೊತೆಗೆ ಕರೆದರಂತೆ. ಹೋಗಿ ಬಂದ ಮಾವನ ಮುಖದಲ್ಲಿ ಹೋದ ಕಳೆ ವಾಪಸ್ ಬಂದಿತ್ತು. “ಅವರಿಗೆ ಗಾಡಿ ಬೇಕಾಗಿಲ್ಲ ಕಣಪ್ಪ, ಗಾಡೀಲಿ ತಪ್ಪು ಬೇಕು” ಅನ್ನುತ್ತಾರೆ ಅತ್ತೆ. ಮಾವನ ಸ್ವಂತ ವಾಹನ ಇವತ್ತಿಗೂ ಟಿವಿಎಸ್ ಎಕ್ಸೆಲ್.

ಗಾಡಿ ನೋಡಲು ಹೊರಡುವಾಗ ಅವರ ಹೆಗಲಿಗೆ ಒಂದು ಬಟ್ಟೆ ಚೀಲ. ಅದರಲ್ಲಿ ಟಾರ್ಚು, ಹಳೇ ಪಂಚೆಯ ತುಂಡು, ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಉಜ್ಜಲು ಪೆನ್ಸಿಲ್ಲು, ಮತ್ತೆ ಮನೆಯ ಫ್ರಿಜ್ಜಿನ ಬಾಗಿಲಿಂದ ಕಿತ್ತು ತಂದ ತಿರುಪತಿ ತಿಮ್ಮಪ್ಪನ ಮ್ಯಾಗ್ನೆಟ್ಟು. ಹತ್ತು ಗಂಟೆಗೆ ಬರುತ್ತೇವೆಂದು ಬ್ರೋಕರಿಗೆ ಹೇಳಿಸಿ ಒಂಬತ್ತಕ್ಕೇ ಹೋಗಿ ನಿಲ್ಲುತ್ತಾರೆ. ಹೋದವರೇ ಬಾನೆಟ್ಟಿನ ಮೇಲೆ ಅಂಗೈ ಇಡುತ್ತಾರೆ. ಬಿಸಿ ಇತ್ತೋ, ಕಥೆ ಮುಗಿಯಿತು. ಬೆಳಿಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಆಗಲು ಗೊಣಗುವ ಡೀಸೆಲ್ ಗಾಡಿಯನ್ನು ಗಿರಾಕಿ ಬರುವ ಮೊದಲೇ ಬಿಸಿ ಮಾಡಿಡುವುದು ಈ ವ್ಯಾಪಾರದಲ್ಲಿ ಹಳೇ ಉಪಾಯ. ಮಾವ ಏನೂ ಅನ್ನುವುದಿಲ್ಲ. ಅಲ್ಲೇ ಕುರ್ಚಿ ಎಳೆದುಕೊಂಡು ಪೇಪರ್ ಬಿಡಿಸುತ್ತಾರೆ. “ಪರವಾಗಿಲ್ಲಪ್ಪ, ಆರಲಿ. ನನಗೇನು ಆಫೀಸಾ?” ಬ್ರೋಕರು ಎರಡು ಸಲ ಟೀ ತರಿಸುತ್ತಾನೆ. ಮಾವ ಎರಡೂ ಕುಡಿಯುತ್ತಾರೆ.

ಇಂಜಿನ್ ಆರುವಷ್ಟರಲ್ಲಿ ಬ್ರೋಕರಿನ ಸ್ತೋತ್ರ ಶುರುವಾಗಿರುತ್ತದೆ. “ಡಾಕ್ಟ್ರು ಗಾಡಿ ಸಾ. ಸಿಂಗಲ್ ಓನರ್. ಮನೆಯಿಂದ ಆಸ್ಪತ್ರೆ, ಆಸ್ಪತ್ರೆಯಿಂದ ಮನೆ. ಐವತ್ತೆಂಟು ಸಾವಿರ ಓಡಿದೆ ಅಷ್ಟೆ. ಒಂದ್ ರೂಪಾಯಿ ಕೆಲ್ಸ ಇಲ್ಲ.” ನಮ್ಮ ರಾಜ್ಯದ ಸೆಕೆಂಡ್‌ಹ್ಯಾಂಡ್ ಗಾಡಿಗಳನ್ನೆಲ್ಲ ಲೆಕ್ಕ ಹಾಕಿದರೆ ಅಷ್ಟೊಂದು ಡಾಕ್ಟರುಗಳು ಎಲ್ಲಿದ್ದಾರೆ, ಇದ್ದರೆ ಸರ್ಕಾರಿ ಆಸ್ಪತ್ರೆಗಳಲ್ಲಿ ಹುದ್ದೆ ಯಾಕೆ ಖಾಲಿ ಬಿದ್ದಿವೆ ಎಂಬ ಅನುಮಾನ ನನ್ನದು. ಮಾವ ಅದನ್ನೆಲ್ಲ ಕೇಳುವುದಿಲ್ಲ. ಗಿರಾಕಿ ಸೀಟಿನ ಕವರು, ದೊಡ್ಡ ಸ್ಕ್ರೀನು, ಅಲಾಯ್ ವೀಲು ಅಂತ ಮುಂದೆ ಕಣ್ಣರಳಿಸುತ್ತಿರುವಾಗ ಇವರು ಗಾಡಿಯ ಹಿಂದೆ ಹೋಗಿ ಪಂಚೆಯ ತುಂಡು ಹಾಸಿ ಮೊಣಕಾಲೂರಿ ತಲೆ ಒಳಗೆ ತೂರಿಸುತ್ತಾರೆ. ಇನೋವಾ, ಸ್ಕಾರ್ಪಿಯೋಗಳಲ್ಲಿ ಸ್ಟೆಪ್ನಿ ನೇತಾಡುವುದು ಅಡಿಯಲ್ಲಿ.

ಗಾಡಿ ಮಾರುವವನು ಎಲ್ಲವನ್ನೂ ತೊಳೆಯುತ್ತಾನೆ, ಪಾಲಿಶ್ ಹೊಡೆಸುತ್ತಾನೆ. ಸ್ಟೆಪ್ನಿಯನ್ನು ಮರೆಯುತ್ತಾನೆ ಎಂಬುದು ಮಾವನ ಸಿದ್ಧಾಂತ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ: ಮೊದಲೆರಡು ವಾರ, ಕೊನೆಯೆರಡು ವರ್ಷ. 2218 ಎಂದಿದ್ದರೆ 2018ರ ಇಪ್ಪತ್ತೆರಡನೇ ವಾರದಲ್ಲಿ ತಯಾರಾದದ್ದು. ಆವತ್ತಿನ ಡಾಕ್ಟರ ಇನೋವಾ 2014ರ ಮಾಡೆಲ್. ನೆಲದ ಮೇಲಿದ್ದ ನಾಲ್ಕು ಟೈರು 2023ರವು, ಹೊಚ್ಚ ಹೊಸವು. ಅಡಿಯ ಸ್ಟೆಪ್ನಿ 2018ರದ್ದು, ಬೋಳು ತಲೆ. ಮಾವ ಎದ್ದು ಮಂಡಿ ಕೊಡವಿಕೊಂಡು ಮೆಲ್ಲಗೆ ಕೇಳಿದರು: “ಗಾಡಿ ಜೊತೆ ಬಂದದ್ದು ಒಂದು ಜೊತೆ ಟೈರು. 2018ರದ್ದು ಎರಡನೇದು. ಈಗಿರೋದು ಮೂರನೇದು. ಐವತ್ತೆಂಟು ಸಾವಿರದಲ್ಲಿ ಮೂರು ಜೊತೇನಾ? ನಿಮ್ಮ ಡಾಕ್ಟ್ರು ಟೈರ್ ತಿಂತಿದ್ರೇನಪ್ಪ?”

ಆಮೇಲೆ ಒಳಗೆ ಕೂತು ಡ್ರೈವರ್ ಸೀಟಿನ ಅಂಚು ಕುಸಿದಿರುವುದನ್ನು ಒತ್ತಿ ತೋರಿಸಿದರು. ಕ್ಲಚ್ ಪೆಡಲಿನ ರಬ್ಬರಿನ ಗೆರೆ ಸವೆದು ನುಣ್ಣಗಾಗಿತ್ತು. ಬ್ರೇಕಿನದು ಮಾತ್ರ ಹೊಸದು. ಒಂದನ್ನು ಬದಲಿಸಿದವನು ಇನ್ನೊಂದನ್ನು ಯಾಕೆ ಬಿಟ್ಟನೋ. ಬಾಗಿಲ ಮೇಲೆ ಟಾರ್ಚು ಓರೆಯಾಗಿ ಹಿಡಿದರೆ ಕಿತ್ತ ಸ್ಟಿಕ್ಕರಿನ ನೆರಳು, ‘ಟೂರಿಸ್ಟ್’ ಎಂದು ಓದುವಷ್ಟು ಸ್ಪಷ್ಟ. ಹಳದಿ ಬೋರ್ಡಿನಲ್ಲಿ ದುಡಿದು ಬಿಳಿ ಬೋರ್ಡಿಗೆ ಬಡ್ತಿ ಪಡೆದ ಗಾಡಿ ಅದು. ಫೋನಿನಲ್ಲಿ ಟ್ರಾಫಿಕ್ ದಂಡ ನೋಡಿದರೆ ಏರ್‌ಪೋರ್ಟ್ ರಸ್ತೆಯಲ್ಲಿ ರಾತ್ರಿ ಒಂದೂವರೆಗೆ ಅತಿವೇಗ, ನಸುಕಿನ ನಾಲ್ಕಕ್ಕೆ ಮತ್ತೆ ಅತಿವೇಗ. “ಎಮರ್ಜೆನ್ಸಿ ಇರುತ್ತಲ್ಲ ಸಾ” ಅಂದ ಬ್ರೋಕರು. ಅವನ ಧೈರ್ಯಕ್ಕೆ ಮಾವನೂ ಮೆಚ್ಚಿ ತಲೆದೂಗಿದರು.

ಇಷ್ಟೆಲ್ಲ ಕೇಳಿದವರು ಮಾವನಿಗೆ ಹೆಚ್ಚು ಓಡಿದ ಗಾಡಿ ಕಂಡರೆ ಆಗದು ಅಂದುಕೊಳ್ಳುತ್ತಾರೆ. ವಿಷಯ ತಿರುಗುಮುರುಗು. “ಎರಡೂವರೆ ಲಕ್ಷ ಓಡಿದೆ ಅಂದ್ರೆ ಹತ್ತಿರ ಹೋಗು. ಐವತ್ತು ಸಾವಿರ ಅಂದ್ರೆ ಪರ್ಸು ಗಟ್ಟಿಯಾಗಿ ಹಿಡ್ಕೊ” ಎಂಬುದು ಅವರ ಮಾತು. ಬೆಂಗಳೂರು–ತಿರುಪತಿ ಎಂದು ಹೈವೇಯಲ್ಲಿ ಒಂದೇ ಹದದಲ್ಲಿ ಓಡಿ, ಹೊತ್ತಿಗೆ ಸರಿಯಾಗಿ ಆಯಿಲ್ ಕಂಡ ಇಂಜಿನ್ನು, ಸಿಗ್ನಲ್ಲಿಂದ ಸಿಗ್ನಲ್ಲಿಗೆ ತೆವಳಿ ಬಿಸಿಯೂ ಆಗದೆ ಆಫಾಗುವ ಇಂಜಿನ್ನಿಗಿಂತ ಗಟ್ಟಿ ಇರುತ್ತದೆ. ಐದು ಲಕ್ಷ ದಾಟಿಯೂ ಬಾಡಿಗೆಗೆ ಓಡುವ ಇನೋವಾಗಳನ್ನು ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಯಾರು ಬೇಕಾದರೂ ನೋಡಬಹುದು. ಓಡಿದ್ದು ಎಷ್ಟು ಎಂದು ಮುಚ್ಚಿಟ್ಟಾಗಲೇ ನಿಜವಾದ ಅಪಾಯ. ಹಳೇ ಇನೋವಾದ 2.5 ಲೀಟರ್ ಡೀಸೆಲ್ ಇಂಜಿನ್ನಿಗೆ ಟೈಮಿಂಗ್ ಬೆಲ್ಟು ಇದೆ. 2016ರಲ್ಲಿ ಬಂದ ಕ್ರಿಸ್ಟಾಕ್ಕೆ ಚೈನು ಬಂತು. ಬೆಲ್ಟನ್ನು ಹೇಳಿದಷ್ಟು ಕಿಲೋಮೀಟರಿಗೆ ಬದಲಿಸಲೇಬೇಕು. ಇಲ್ಲದಿದ್ದರೆ ಒಂದು ದಿನ ದಾರಿಯಲ್ಲಿ ತುಂಡಾಗಿ ವಾಲ್ವಿಗೂ ಪಿಸ್ಟನ್ನಿಗೂ ಮುಖಾಮುಖಿಯಾಗುತ್ತದೆ. ಮೀಟರನ್ನು ಹಿಂದಕ್ಕೆ ತಿರುಗಿಸಿದ ಗಾಡಿಯಲ್ಲಿ ಆ ಬೆಲ್ಟಿನ ವಯಸ್ಸು ಹೇಳುವವರು ಯಾರು? ಗಾಡಿ ಕೊಂಡವನು ಇನ್ನೂ ಬಹಳ ದೂರ ಇದೆ ಎಂದು ಆರಾಮಾಗಿ ಓಡಿಸುತ್ತಿರುತ್ತಾನೆ.

ಇಲ್ಲಿ ನನ್ನದೂ ಒಂದು ಮಾತು. ಮೀಟರ್ ತಿರುಗಿಸುವವನನ್ನು ಎಲ್ಲರೂ ಬೈಯುತ್ತೇವೆ; ಅವನ ಹೊಟ್ಟೆ ಹೊರೆಯುತ್ತಿರುವವರು ಒಂದು ಲಕ್ಷ ದಾಟಿದೆ ಅಂದಕೂಡಲೇ ಫೋನಿಡುವ ಗಿರಾಕಿಗಳೇ. ಹತ್ತು ವರ್ಷದ ಡೀಸೆಲ್ ಎಸ್‌ಯುವಿ ಐವತ್ತು ಸಾವಿರವೇ ಓಡಿರಬೇಕು ಎಂದು ಹಟ ಹಿಡಿದರೆ, ಹಾಗೆ ಓಡಿದ ಗಾಡಿಯನ್ನು ಯಾರಾದರೂ ತಯಾರಿಸಲೇಬೇಕಲ್ಲ.

ತಿಮ್ಮಪ್ಪನ ಪಾತ್ರ ಬರುವುದು ಪೇಂಟಿನ ವಿಷಯದಲ್ಲಿ. ಗುದ್ದಿಸಿಕೊಂಡು ಟಿಂಕರಿಂಗ್ ಆಗಿ ಪುಟ್ಟಿ ಮೆತ್ತಿಸಿಕೊಂಡ ಕಡೆ ಮ್ಯಾಗ್ನೆಟ್ಟು ಹಿಡಿಯುವುದಿಲ್ಲ. ಮಾವ ಮುಂಬಾಗಿಲು, ಹಿಂಬಾಗಿಲು, ಚಕ್ರದ ಮೇಲಿನ ಭಾಗ ಎಂದು ತಿಮ್ಮಪ್ಪನಿಗೆ ಪ್ರದಕ್ಷಿಣೆ ಹಾಕಿಸುತ್ತಾರೆ. ಒಂದು ಕಡೆ ಸ್ವಾಮಿ ಜಾರಿ ಕೆಳಗೆ ಬಿದ್ದ. “ಇಲ್ಲಿ ನಿಲ್ಲೊಲ್ಲ ಅಂತಾನೆ ನೋಡು” ಅಂದರು ಮಾವ. ಬ್ರೋಕರಿಗೆ ವಾದಿಸಲು ಮನಸ್ಸಿತ್ತು, ದೇವರ ವಿಷಯ ಅಂತ ಸುಮ್ಮನಾದ. ಬಾಗಿಲ ಸುತ್ತಲಿನ ರಬ್ಬರ್ ಬೀಡಿಂಗ್ ಎಳೆದು ಕಂಪನಿಯ ಸ್ಪಾಟ್ ವೆಲ್ಡಿನ ಗುಂಡು ಗುರುತುಗಳು ಸಾಲಾಗಿವೆಯೇ ನೋಡುತ್ತಾರೆ. ಬಾನೆಟ್ಟಿನ ಬೋಲ್ಟುಗಳ ಮೇಲೆ ಸ್ಪ್ಯಾನರ್ ಹಲ್ಲು ಬಿದ್ದಿದೆಯೇ ನೋಡುತ್ತಾರೆ. ಅಡಿಯ ಚಾಸಿಯಲ್ಲಿ ಹೊಸ ವೆಲ್ಡಿಂಗ್ ಕಂಡರೆ ಮಾತಿಲ್ಲದೆ ಚೀಲ ಹೆಗಲಿಗೇರುತ್ತದೆ, ಏಕೆಂದರೆ ಇಂಥ ಗಾಡಿಗಳ ಇಡೀ ಮೈ ಕೂತಿರುವುದೇ ಅದರ ಮೇಲೆ. ಸೀಟ್ ಬೆಲ್ಟನ್ನು ಪೂರ್ತಿ ಎಳೆಯುವುದು ಮತ್ತೊಂದು ಅಭ್ಯಾಸ. 2015ರ ಚೆನ್ನೈ ಪ್ರವಾಹದ ನಂತರ ಕಲಿತದ್ದಂತೆ: ನೀರಲ್ಲಿ ಮುಳುಗೆದ್ದ ಗಾಡಿಯ ಕಾರ್ಪೆಟ್ಟು ಹೊಸದಾಗುತ್ತದೆ, ಸೀಟು ಹೊಸದಾಗುತ್ತದೆ, ಬೆಲ್ಟಿನ ಕೊನೆಯ ಒಂದಡಿಯಲ್ಲಿ ಮಾತ್ರ ಕೆಸರಿನ ಗೆರೆ ಉಳಿದಿರುತ್ತದೆ.

ಇಂಜಿನ್ನಿನ ಸರದಿ ಬಂದಾಗ ಮಾವ ಮಾತು ನಿಲ್ಲಿಸುತ್ತಾರೆ. ಸ್ಟಾರ್ಟ್ ಮಾಡಿಸಿ ಸೈಲೆನ್ಸರಿನ ಹಿಂದೆ ನಿಂತು ಹೊಗೆಯ ಬಣ್ಣ ನೋಡುತ್ತಾರೆ. ಕಪ್ಪಾದರೆ ಇಂಜೆಕ್ಟರು, ಟರ್ಬೋ ಕಡೆ ಅನುಮಾನ. ನೀಲಿಯಾದರೆ ಆಯಿಲ್ ಸುಡುತ್ತಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಕೂಲಂಟ್ ಒಳಗೆ ಹೋಗುತ್ತಿರಬಹುದು. ಓಡುತ್ತಿರುವ ಇಂಜಿನ್ನಿನ ಆಯಿಲ್ ಮುಚ್ಚಳ ತಿರುಗಿಸಿ ತೆಗೆದು ಬಾಯಿ ಮೇಲೆ ಬೋರಲು ಇಡುತ್ತಾರೆ. ಎರಡು ಮೂರು ಲಕ್ಷ ಓಡಿದ ಇಂಜಿನ್ನು ಸ್ವಲ್ಪ ಉಸಿರು ಬಿಟ್ಟು ಮುಚ್ಚಳ ಅಲುಗಿದರೆ ಕ್ಷಮೆ ಉಂಟು, ಮುಚ್ಚಳ ಹಾರಿ ಬಿದ್ದರೆ ಬೋರ್ ಕೆಲಸಕ್ಕೆ ಬಂದಿದೆ ಎಂದು ತೀರ್ಪು. ಟೆಸ್ಟ್ ಡ್ರೈವಿನಲ್ಲಿ ಅವರು ಮುಂದೆ ಕೂರುವುದಿಲ್ಲ. ಮೂರನೇ ಸಾಲಿನಲ್ಲಿ ಮಡಚಿಕೊಂಡು ಕೂತು ಬುಶ್ಶುಗಳ ಕಟಕಟ ಕೇಳಿಸಿಕೊಳ್ಳುತ್ತಾರೆ. ಮ್ಯೂಸಿಕ್ ಸಿಸ್ಟಂ ಹಾಕಿದ ಬ್ರೋಕರುಗಳಿಗೆ “ಆಫ್ ಮಾಡ್ರೀ” ಎಂಬ ಗುಡುಗು ಹಿಂದಿನಿಂದ ಬರುತ್ತದೆ.

ಫೋರ್ ಬೈ ಫೋರ್ ಆಸೆಪಡುವ ಹುಡುಗರ ಜೊತೆ ಅವರಿಗೆ ತಾಳ್ಮೆ ಕಮ್ಮಿ. ಲೋ ರೇಂಜಿಗೆ ಹಾಕಿಸಿ ನೋಡುತ್ತಾರೆ. ವರ್ಷಗಟ್ಟಲೆ ಮುಟ್ಟದ ಗೇರು ಎಷ್ಟೋ ಸಲ ಅಲುಗುವುದೇ ಇಲ್ಲ. “ನೀನು ಹೋಗೋದು ಬಟವಾಡಿಗೆ. ಅಲ್ಲಿ ಡಾಂಬರಿದೆ” ಅನ್ನುತ್ತಾರೆ. 2020ರ ನಂತರದ ಬಿಎಸ್ 6 ಡೀಸೆಲ್ ಕೇಳುವವರಿಗೂ ಅದೇ ಪ್ರಶ್ನೆ: ಓಡಾಟ ಎಲ್ಲಿ? ದಿನಾ ಸ್ಕೂಲಿಗೆ ಮಗು ಬಿಟ್ಟು ಬರುವ ಎರಡು ಕಿಲೋಮೀಟರಿಗೆ ಆ ಗಾಡಿಯ ಹೊಗೆ ಶೋಧಿಸುವ ಫಿಲ್ಟರು ಮಸಿ ಸುಟ್ಟುಕೊಳ್ಳುವಷ್ಟು ಬಿಸಿಯೇ ಆಗದೆ ಕಟ್ಟಿಕೊಳ್ಳುತ್ತದೆ.

ಕಾಗದ ಪತ್ರಕ್ಕೆ ಬಂದರೆ ಖಜಾನೆಯ ಬಾಗಿಲು ತೆರೆದ ಹಾಗೇ. ಫಾರಂ 29, ಫಾರಂ 30, ಸಾಲ ತೀರಿದ್ದರೆ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ತೆಗೆಸಲು ಫಾರಂ 35, ಬೇರೆ ರಾಜ್ಯದ್ದಾದರೆ ಎನ್‌ಒಸಿಗೆ ಫಾರಂ 28. ಮಾವ ಇವನ್ನು ದೇವರ ನಾಮ ಹೇಳುವ ರಾಗದಲ್ಲಿ ಹೇಳುತ್ತಾರೆ. ಇನ್ಶೂರೆನ್ಸನ್ನು ಹದಿನಾಲ್ಕು ದಿನದೊಳಗೆ ಹೆಸರಿಗೆ ಮಾಡಿಸಬೇಕು; ನೋ ಕ್ಲೇಮ್ ಬೋನಸ್ಸು ಹಳೇ ಮಾಲೀಕನ ಜೊತೆ ಹೋಗುತ್ತದೆ, ಗಾಡಿ ಜೊತೆ ಬರುವುದಿಲ್ಲ. ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ದೆಹಲಿಯಲ್ಲಿ ಓಡಬಾರದೆಂದು 2015ರಲ್ಲಿ ಹಸಿರು ನ್ಯಾಯಮಂಡಳಿ ಹೇಳಿ, 2018ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿ ಹಿಡಿದ ಮೇಲೆ ಅಲ್ಲಿನ ಗಾಡಿಗಳು ಅಗ್ಗದ ಬೆಲೆಗೆ ದಕ್ಷಿಣಕ್ಕೆ ಇಳಿದವು. ಇಲ್ಲಿ ಮತ್ತೆ ನೋಂದಣಿ ಮಾಡಿಸಿ ಲೈಫ್ ಟ್ಯಾಕ್ಸ್ ಕಟ್ಟಿದ ಮೇಲೂ ಅಗ್ಗವೇ ಎಂದು ಮಾವ ಅಲ್ಲೇ ಕಾಗದದ ಹಿಂದೆ ಕೂಡಿಸಿ ತೋರಿಸುತ್ತಾರೆ. ಮೊತ್ತವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆಯುತ್ತಾರೆ.

ಇವರನ್ನು ಒಮ್ಮೆ ಸೋಲಿಸಿದವರು ಗುಬ್ಬಿ ಕಡೆಯ ಒಬ್ಬ ಟ್ರಾವೆಲ್ಸ್ ಮಾಲೀಕರು. ಇನೋವಾದ ಮೀಟರು ಎರಡು ಲಕ್ಷದ ಎಂಬತ್ತಾರು ಸಾವಿರ ತೋರಿಸುತ್ತಿತ್ತು. ಬಾಗಿಲಲ್ಲಿ ಗೀರು, ಬಂಪರಿನಲ್ಲಿ ತಗ್ಗು. ಸರ್ವೀಸ್ ಬಿಲ್ಲುಗಳ ದಪ್ಪ ಫೈಲನ್ನು ಅವರೇ ತಂದು ಮುಂದಿಟ್ಟರು, ತಾರೀಕಿನ ಪ್ರಕಾರ ಜೋಡಿಸಿ, ಬೆಲ್ಟು ಬದಲಿಸಿದ ಬಿಲ್ಲಿಗೆ ಗುರುತಿನ ಚೀಟಿ ಅಂಟಿಸಿ. “ಕ್ಲಚ್ಚು ಇನ್ನಾರು ತಿಂಗಳು ಬರುತ್ತೆ ಸಾರ್, ಆಮೇಲೆ ಹಾಕಿಸಬೇಕು. ಎಡಗಡೆ ಲೋಯರ್ ಆರ್ಮ್ ಬುಶ್ ಹೋಗಿದೆ. ಹಿಂದಿನ ಎಸಿ ಸದ್ದು ಮಾಡುತ್ತೆ. ಬಂಪರ್ ನಮ್ಮ ಡ್ರೈವರ್ ಗೋಡೆಗೆ ಕೊಟ್ಟ.” ಮಾವನ ಮುಖ ಸಪ್ಪೆಯಾಯಿತು. ಆದರೂ ಪಂಚೆ ಹಾಸಿದರು, ತಿಮ್ಮಪ್ಪನನ್ನು ಸುತ್ತಿಸಿದರು, ಬೆಲ್ಟು ಎಳೆದರು, ಮೂರನೇ ಸಾಲಿನಲ್ಲಿ ಕೂತು ಬಂದರು. ಮಾಲೀಕರು ಹೇಳಿದ್ದಕ್ಕಿಂತ ಒಂದು ತಪ್ಪೂ ಹೆಚ್ಚಿಗೆ ಸಿಗಲಿಲ್ಲ. ಗಿರಾಕಿ ಹುಡುಗ ಖುಷಿಯಲ್ಲಿದ್ದ, ಮಾವ ಒಬ್ಬರೇ ಗಾಡಿಯ ಸುತ್ತ ಮತ್ತೊಂದು ಸುತ್ತು ಹಾಕಿ ಡಿಕ್ಕಿ ತೆಗೆದು, ಹತ್ತು ನಿಮಿಷ ಬಿಟ್ಟು ಜಯಭೇರಿಯ ದನಿಯಲ್ಲಿ ಕೂಗಿದರು: “ಜಾಕಿ ಹ್ಯಾಂಡಲ್ಲೆಲ್ಲಿ?” ಮಾಲೀಕರು ಒಳಗಿಂದ ತಂದುಕೊಟ್ಟರು. ಮಾವ ಚೇತರಿಸಿಕೊಂಡು, “ಅಡ್ವಾನ್ಸ್ ಕೊಡಪ್ಪ” ಅಂದರು.

ಚೌಕಾಸಿಗೆ ಮಾತ್ರ ಅವರು ಬಾಯಿ ಹಾಕುವುದಿಲ್ಲ. “ನಾನು ಬಿಲ್ ಪಾಸ್ ಮಾಡೋನು. ದುಡ್ಡು ಎಣಿಸೋದು ನಿಮ್ಮ ಹಣೆಬರಹ.” ಫೀಸು ಅಂತ ಇದ್ದರೆ ಬರುವಾಗ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ, ಅದೂ ಒಂದಕ್ಕಿಂತ ಹೆಚ್ಚು ಕೊಡಿಸಿದರೆ ಮುಜುಗರ ಪಡುತ್ತಾರೆ.

ಬೆಂಗಳೂರಿನಲ್ಲಿರುವ ಅವರ ಮಗ ಈಚೆಗೆ ಅಪ್ಪನಿಗೆ ಒಂದು ಮಾತೂ ಹೇಳದೆ ಶೋರೂಮಿನಿಂದ ಹೊಸ ಎಸ್‌ಯುವಿ ತೆಗೆದುಕೊಂಡು ಬಂದ. ಹೊಸ ಗಾಡಿಯಲ್ಲಿ ನೋಡುವುದೇನಿದೆ ಎಂಬ ಧೈರ್ಯ. ಮಾರ್ಚಿನ ಒಂದು ಭಾನುವಾರ ಮನೆ ಮುಂದೆ ಪೂಜೆ. ಹೂವಿನ ಹಾರ ಬಿತ್ತು, ಚಕ್ರಗಳಡಿ ನಿಂಬೆಹಣ್ಣು ಇಟ್ಟಾಯಿತು, ಪುರೋಹಿತರು ಮಂಗಳಾರತಿಗೆ ಕರ್ಪೂರ ಹುಡುಕುತ್ತಿದ್ದರು. ಮಾವ ಎಲ್ಲಿ ಅಂತ ನೋಡಿದರೆ ಗಾಡಿಯ ಹಿಂದೆ ರೇಷ್ಮೆ ಪಂಚೆಯಲ್ಲೇ ಮೊಣಕಾಲೂರಿದ್ದರು. ಎದ್ದು ಬಂದವರು ಕೈ ಒರೆಸಿಕೊಂಡು ಬೆರಳು ಮಡಚಿ ವಾರಗಳನ್ನು ಎಣಿಸಿದರು. ಮಗನ ಮುಖ ಬಿಳಿಚಿಕೊಂಡಿತು.

“ಏನಪ್ಪಾ?” ಎಂದು ಕೇಳಿದ.

“ಪೂಜೆ ಮುಗೀಲಿ” ಅಂದರು ಮಾವ, “ಆಮೇಲೆ ಹೇಳ್ತೀನಿ.”